ಒಂದೇ ಕಾರು, ಎರಡು ಹೆಸರು: ಫ್ರೀಮಾಂಟ್ ಕಾರ್ಖಾನೆಯ ಪ್ರಕರಣ

1999ರ ಬೇಸಿಗೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಮೂರು ತಿಂಗಳಾಗಿತ್ತು. ಬಸ್ಸಿಗೆ ಕಾದು ಕಾದು ಸಾಕಾಗಿ, ಒಂದು ಹಳೇ ಕಾರು ಕೊಳ್ಳೋಣ ಎಂದು ಹೊರಟೆ. ನೋಡಿ ನೋಡಿ ಕೊನೆಗೆ ಉಳಿದಿದ್ದು ಎರಡು. ಒಂದು ಟೊಯೋಟಾ ಕೊರೊಲ್ಲಾ, ಇನ್ನೊಂದು ಜಿಯೋ ಪ್ರಿಸಂ. (ಈ ಜಿಯೋಗೂ ನಮ್ಮ ಮೊಬೈಲ್ ಸಿಮ್ಮಿಗೂ ಸಂಬಂಧವಿಲ್ಲ. ಜನರಲ್ ಮೋಟರ್ಸ್ ಕಂಪನಿ ತನ್ನ ಷೆವರ್ಲೆ ಶೋರೂಮುಗಳಲ್ಲಿ ಸಣ್ಣ ಕಾರು ಮಾರಲು ಇಟ್ಟುಕೊಂಡಿದ್ದ ಹೆಸರು ಅದು.) ಎರಡೂ 1995ರ ಮಾಡೆಲ್. ಓಡಿದ ಮೈಲಿಯೂ ಹೆಚ್ಚುಕಡಿಮೆ ಅಷ್ಟೇ. ಪ್ರಿಸಂ ಬೆಲೆ ಮಾತ್ರ ನನ್ನ ಎರಡು ತಿಂಗಳ ಬಾಡಿಗೆಯಷ್ಟು ಕಡಿಮೆ.

ನನ್ನ ರೂಮಿನಲ್ಲಿದ್ದವರು ಹಾಸನದ ಕಡೆಯವರು, ನನಗಿಂತ ಆರು ವರ್ಷ ಮೊದಲೇ ಬಂದವರು. "ಅಮೆರಿಕದ ಕಾರು ತಗೋಬೇಡ ಕಣಯ್ಯ. ಸಂಬಳ ಎಲ್ಲಾ ಗ್ಯಾರೇಜಿಗೆ ಸುರೀತೀಯ. ಜಪಾನಿಂದೇ ತಗೋ" ಅಂದರು.

"ಸರಿ ಅಣ್ಣ" ಅಂದೆ. ಆದರೂ ಪ್ರಿಸಂ ಮಾಲೀಕನ ಮನೆಗೆ ಹೋಗಿ ಬಂದೆ. ಆತ ಬಾನೆಟ್ ಎತ್ತಿ, ಒಳಗಿನ ಭಾಗಗಳ ಮೇಲೆ ಅಚ್ಚಾಗಿದ್ದ ಟೊಯೋಟಾ ಗುರುತನ್ನು ಬೆರಳಿಟ್ಟು ತೋರಿಸಿದ. ಆಮೇಲೆ ಹೆದ್ದಾರಿಯ ಕಡೆ ಕೈ ಮಾಡಿ, "ಎರಡನ್ನೂ ಅಲ್ಲೇ ಮಾಡೋದು" ಎಂದ.

ಅಲ್ಲಿ ಎಂದರೆ ನಾನು ದಿನಾ 880 ಹೆದ್ದಾರಿಯಿಂದ ನೋಡುತ್ತಿದ್ದ ದೊಡ್ಡ ಬಿಳಿ ಕಟ್ಟಡ. ಹೆಸರು ನ್ಯೂ ಯುನೈಟೆಡ್ ಮೋಟರ್ ಮ್ಯಾನುಫ್ಯಾಕ್ಚರಿಂಗ್. ಊರಿನವರ ಬಾಯಲ್ಲಿ ಸುಮ್ನೆ ನ್ಯೂಮಿ. ಜನರಲ್ ಮೋಟರ್ಸ್ (ಜಿಎಂ) ಮತ್ತು ಟೊಯೋಟಾ ಅರ್ಧರ್ಧ ಪಾಲಿನಲ್ಲಿ ನಡೆಸುತ್ತಿದ್ದ ಕಾರ್ಖಾನೆ. ಕಾರುಗಳ ನಂಬರ್ ಹೋಲಿಸಿದೆ. ಡ್ರೈವರ್ ಎದುರಿನ ಗಾಜಿನ ಮೂಲೆಯಲ್ಲಿ ಕಾಣುವ 17 ಅಕ್ಷರಗಳ ಚಾಸಿ ನಂಬರ್ ಇರುತ್ತದಲ್ಲ, ಅದು. ಕೊರೊಲ್ಲಾದ್ದು 1ಎನ್‌ಎಕ್ಸ್ ಎಂದು ಶುರುವಾಗುತ್ತಿತ್ತು, ಪ್ರಿಸಂನದ್ದು 1ವೈ1 ಎಂದು. ಮೊದಲ 1 ಎಂದರೆ ಅಮೆರಿಕದಲ್ಲಿ ತಯಾರಾದದ್ದು. ಹನ್ನೊಂದನೆಯ ಅಕ್ಷರ ಕಾರ್ಖಾನೆಯ ಗುರುತು. ಎರಡರಲ್ಲೂ ಅದು ಝಡ್. ಅಂದರೆ ಫ್ರೀಮಾಂಟ್.

ಅಂದರೆ ರೂಮಿನ ಅಣ್ಣ ಹೇಳಿದ "ಅಮೆರಿಕದ ಕಾರು" ಮತ್ತು "ಜಪಾನಿನ ಕಾರು" ಒಂದೇ ಸೂರಿನ ಕೆಳಗೆ, ಒಂದೇ ಯೂನಿಯನ್ನಿನ ಕೆಲಸಗಾರರ ಕೈಯಲ್ಲಿ ತಯಾರಾಗಿದ್ದವು. ದೇಶೀ ಕಾರಿನ ಗುಣಮಟ್ಟವನ್ನು ಜನ ಹೇಗೆ ಅಳೆಯುತ್ತಾರೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗಂತೂ ಸಿಕ್ಕಿಲ್ಲ. ಪ್ರಯೋಗಾಲಯದಲ್ಲಿ ಬೇಕೆಂದೇ ಮಾಡಿದ ಹಾಗಿದೆ. ಕಾರು ಬದಲಾಗಲಿಲ್ಲ, ಕೈ ಬದಲಾಗಲಿಲ್ಲ. ಬದಲಾಗಿದ್ದು ಮುಖ್ಯವಾಗಿ ಮೂತಿಯ ಮೇಲಿನ ಬಿಲ್ಲೆ.

ಮುಚ್ಚುವ ಮೊದಲು

ಕತೆ ಶುರುವಾಗುವುದು ಇದೇ ಕಟ್ಟಡದಲ್ಲಿ, ಆದರೆ ಬೇರೆ ಹೆಸರಿನಲ್ಲಿ. 1960ರ ದಶಕದ ಮೊದಲಲ್ಲಿ ಜಿಎಂ ಇಲ್ಲಿ ಕಾರು, ಪಿಕಪ್ ಟ್ರಕ್ ಜೋಡಿಸಲು ಆರಂಭಿಸಿತು. 1970ರ ದಶಕ ಮುಗಿಯುವ ಹೊತ್ತಿಗೆ ಇದು ಜಿಎಂನ ಅತಿ ಕೆಟ್ಟ ಕಾರ್ಖಾನೆಗಳಲ್ಲಿ ಒಂದು ಎಂದು ಹೆಸರಾಗಿತ್ತು. ಯಾವುದೇ ದಿನ ಐದು ಜನರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ. ಬಂದವರಲ್ಲಿ ಕೆಲವರು ಕುಡಿದು ಬರುತ್ತಿದ್ದರು, ಕೆಲವರು ಬಂದ ಮೇಲೆ ಕುಡಿಯುತ್ತಿದ್ದರು. ಯೂನಿಯನ್ನಿನ ದೂರುಗಳು ಸಾವಿರಗಟ್ಟಲೆ ಬಾಕಿ ಬಿದ್ದಿದ್ದವು. ಹೇಳದೆ ಕೇಳದೆ ಮುಷ್ಕರ ನಡೆಯುತ್ತಿತ್ತು. ಕಾರಿನ ಬಾಗಿಲೊಳಗೆ ಬೇಕೆಂದೇ ಖಾಲಿ ಬಾಟಲಿ ಹಾಕಿ ಮುಚ್ಚುವುದೂ ಇತ್ತು. ಕೊಂಡವನಿಗೆ ಲೊಟಲೊಟ ಸದ್ದು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುತ್ತಿರಲಿಲ್ಲ.

ಇದನ್ನು ಕೇಳಿದರೆ ತಪ್ಪೆಲ್ಲ ಕೆಲಸಗಾರರದೇ ಅನಿಸುತ್ತದೆ. ಜಿಎಂ ಕೂಡ ಹಾಗೇ ಹೇಳುತ್ತಿತ್ತು. ಆದರೆ ಆ ಕಾಲದ ಜಿಎಂ ಕಾರ್ಖಾನೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು: ಏನೇ ಆದರೂ ಕಾರು ಜೋಡಿಸುವ ಲೈನ್ ನಿಲ್ಲಬಾರದು. ಬೋಲ್ಟ್ ಕೂರಲಿಲ್ಲವೇ, ಮುಂದೆ ಹೋಗಲಿ. ಸೀಟು ಸೊಟ್ಟಗಿದೆಯೇ, ಮುಂದೆ ಹೋಗಲಿ. ಒಂದು ಮಾಡೆಲ್ಲಿನ ಕಾರಿಗೆ ಇನ್ನೊಂದರ ಮುಂಭಾಗ ಕೂತುಬಿಟ್ಟಿದೆಯೇ, ಅದೂ ಹೋಗಲಿ. ಆಮೇಲೆ ಹಿಂದಿನ ಅಂಗಳದಲ್ಲಿ ನಿಲ್ಲಿಸಿ ರಿಪೇರಿ ಮಾಡಿದರಾಯಿತು. ಮೇಲಿನವರ ಲೆಕ್ಕ ದಿನಕ್ಕೆ ಎಷ್ಟು ಕಾರು ಹೊರಬಿತ್ತು ಎಂಬುದು ಮಾತ್ರ. ತಪ್ಪು ಕಣ್ಣಿಗೆ ಬಿದ್ದರೂ ಬಾಯಿ ಬಿಡಬೇಡ ಎಂದು ದಿನಾ ಕಲಿಸುವ ಜಾಗದಲ್ಲಿ ಇಪ್ಪತ್ತು ವರ್ಷ ದುಡಿದವನು ಹೇಗಾಗುತ್ತಾನೆ? ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಿತ್ತು ಮ್ಯಾನೇಜರುಗಳ ದೂರು.

1982ರ ಮಾರ್ಚಿನಲ್ಲಿ ಜಿಎಂ ಕಾರ್ಖಾನೆಯನ್ನು ಮುಚ್ಚಿತು. ಸಾವಿರಾರು ಮಂದಿ ಮನೆಗೆ ಹೋದರು.

ಸುತ್ತಿಗೆ ಏಟಿನ ದೇಶಪ್ರೇಮ

ಆ ವರ್ಷಗಳ ಅಮೆರಿಕವನ್ನು ಸ್ವಲ್ಪ ನೆನೆಸಿಕೊಳ್ಳಬೇಕು. 1979ರಲ್ಲಿ ಇರಾನಿನ ಕ್ರಾಂತಿಯ ಬೆನ್ನಿಗೇ ಪೆಟ್ರೋಲ್ ಬೆಲೆ ಏರಿತು. ಕಡಿಮೆ ಕುಡಿಯುವ ಜಪಾನಿನ ಸಣ್ಣ ಕಾರುಗಳಿಗೆ ಜನ ಮುಗಿಬಿದ್ದರು. ಅಮೆರಿಕದ ಕಾರು ಉದ್ಯಮದ ಊರಾದ ಡೆಟ್ರಾಯಿಟ್‌ನಲ್ಲಿ ಕೆಲಸ ಹೋಗುತ್ತಿದ್ದವು. 1981ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ಜಪಾನ್ ವರ್ಷಕ್ಕೆ 16.8 ಲಕ್ಷಕ್ಕಿಂತ ಹೆಚ್ಚು ಕಾರು ಕಳಿಸುವುದಿಲ್ಲ ಎಂದು ಒಪ್ಪಿಕೊಂಡಿತು. "ಅಮೆರಿಕದ್ದನ್ನೇ ಕೊಳ್ಳಿ" ಎಂಬ ಕೂಗು ಎಲ್ಲ ಕಡೆ. ಯೂನಿಯನ್ ಕಚೇರಿಯ ಪಾರ್ಕಿಂಗಿನಲ್ಲಿ ಹೊರದೇಶದ ಕಾರು ನಿಲ್ಲಿಸಬೇಡಿ ಎಂಬ ಫಲಕ. ಊರ ಸಭೆಗಳಲ್ಲಿ ಟೊಯೋಟಾ ಕಾರೊಂದನ್ನು ತಂದಿಟ್ಟು, ದುಡ್ಡು ಕೊಟ್ಟವರ ಕೈಗೆ ಸುತ್ತಿಗೆ ಕೊಟ್ಟು ಜಜ್ಜಿಸುವ ಆಟ.

ಆಟ ಆಟವಾಗಿ ಉಳಿಯಲಿಲ್ಲ. 1982ರ ಜೂನ್‌ನಲ್ಲಿ, ಫ್ರೀಮಾಂಟ್ ಮುಚ್ಚಿ ಮೂರು ತಿಂಗಳಾಗಿದ್ದಾಗ, ಡೆಟ್ರಾಯಿಟ್ ಪಕ್ಕದಲ್ಲಿ ವಿನ್ಸೆಂಟ್ ಚಿನ್ ಎಂಬ 27 ವರ್ಷದ ಯುವಕನನ್ನು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದರು. ಕೊಂದ ಇಬ್ಬರೂ ಕಾರು ಉದ್ಯಮದವರು. ನಿಮ್ಮಂಥವರಿಂದಲೇ ನಮ್ಮ ಕೆಲಸ ಹೋಯಿತು ಎಂಬ ಅರ್ಥದ ಬೈಗುಳ ಕೇಳಿದ್ದಾಗಿ ಸಾಕ್ಷಿ ಹೇಳಿದವರಿದ್ದಾರೆ. ಚಿನ್ ಜಪಾನಿನವನೇ ಅಲ್ಲ. ಚೀನಾ ಮೂಲದವನು, ಅಮೆರಿಕದ ಪ್ರಜೆ.

ಇಂಥ ಹೊತ್ತಿನಲ್ಲಿ, 1983ರ ಫೆಬ್ರವರಿಯಲ್ಲಿ, ಜಿಎಂನ ಮುಖ್ಯಸ್ಥ ರೋಜರ್ ಸ್ಮಿತ್ ಮತ್ತು ಟೊಯೋಟಾದ ಐಜಿ ಟೊಯೋಡಾ ಒಪ್ಪಂದಕ್ಕೆ ಸಹಿ ಹಾಕಿದರು. ಇಬ್ಬರಿಗೂ ಅವರವರ ಲೆಕ್ಕಾಚಾರ. ಜಿಎಂಗೆ ಲಾಭಕ್ಕೆ ಸಣ್ಣ ಕಾರು ಮಾಡುವುದು ಬರುತ್ತಿರಲಿಲ್ಲ, ಅದು ಬೇಕಿತ್ತು. ಟೊಯೋಟಾಗೆ ಅಮೆರಿಕದ ಕೆಲಸಗಾರರನ್ನು, ಬಿಡಿಭಾಗ ಪೂರೈಸುವವರನ್ನು ಇಟ್ಟುಕೊಂಡು ತನ್ನ ಪದ್ಧತಿ ನಡೆಯುತ್ತದೆಯೇ ಎಂದು ನೋಡಬೇಕಿತ್ತು. ಟೊಯೋಟಾ 10 ಕೋಟಿ ಡಾಲರ್ ನಗದು ಹಾಕಿತು. ಜಿಎಂ ಪಾಲು ಮುಖ್ಯವಾಗಿ ಆ ಮುಚ್ಚಿದ ಕಾರ್ಖಾನೆ. ನಡೆಸುವ ಜವಾಬ್ದಾರಿ ಟೊಯೋಟಾದ್ದು.

ಅಮೆರಿಕದ ಇನ್ನೊಂದು ಕಾರು ಕಂಪನಿ ಕ್ರೈಸ್ಲರ್‌ನ ಮುಖ್ಯಸ್ಥ ಲೀ ಐಯಕೊಕಾ ಇದನ್ನು ವಿರೋಧಿಸಿ ಕೋರ್ಟಿಗೆ ಹೋದರು. ಟಿವಿ ಜಾಹೀರಾತಿನಲ್ಲಿ ಅಮೆರಿಕದ ಕಾರಿನ ಹೆಮ್ಮೆ ಮಾತಾಡುತ್ತಿದ್ದವರು ಅವರೇ. ಅವರ ಶೋರೂಮಿನಲ್ಲಿ ಡಾಡ್ಜ್ ಕೋಲ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಕಾರು ಮಾತ್ರ ಜಪಾನಿನಲ್ಲಿ ಮಿತ್ಸುಬಿಷಿ ಮಾಡಿ ಹಡಗಿನಲ್ಲಿ ಕಳಿಸುತ್ತಿದ್ದದ್ದು!

ಅದೇ ಜನ, ಬೇರೆ ಕೆಲಸ

ಹೊಸ ಕಾರ್ಖಾನೆಯಲ್ಲೂ ತಾನು ಇರಲೇಬೇಕು ಎಂದು ಯೂನಿಯನ್ ಹಟ ಹಿಡಿಯಿತು. ಹಳೇ ಕೆಲಸಗಾರರನ್ನು ತೆಗೆದುಕೊಳ್ಳಬೇಕು ಎಂದಿತು. ಜಿಎಂನವರಿಗೆ ಇದು ಹುಚ್ಚು ಅನಿಸಿತು. ಟೊಯೋಟಾ ಒಪ್ಪಿತು. ಮೊದಲ ಇಪ್ಪತ್ತು ತಿಂಗಳಲ್ಲಿ ಸೇರಿಸಿಕೊಂಡ ಸುಮಾರು 2,200 ಮಂದಿಯಲ್ಲಿ 85% ಹಳೇ ಫ್ರೀಮಾಂಟಿನವರೇ. ಯೂನಿಯನ್ನಿನ ಹಳೇ ನಾಯಕರೂ ಅವರಲ್ಲಿದ್ದರು.

ತಂಡದ ಮುಂದಾಳುಗಳಾಗಿ ಆರಿಸಿದ ಸುಮಾರು 450 ಮಂದಿಯನ್ನು ಜಪಾನಿನ ಟಕಾವೊಕಾ ಕಾರ್ಖಾನೆಗೆ ತರಬೇತಿಗೆ ಕಳಿಸಿದರು. ಕೊರೊಲ್ಲಾ ಮಾಡುವ ಕಾರ್ಖಾನೆ ಅದು. ಅಲ್ಲಿ ಅವರನ್ನು ಬೆರಗಾಗಿಸಿದ್ದು ರೋಬೋಟುಗಳಲ್ಲ, ಒಂದು ಹಗ್ಗ. ಲೈನಿನ ಉದ್ದಕ್ಕೂ ತಲೆಯ ಮೇಲೆ ತೂಗುವ ಹಗ್ಗ. ಅದಕ್ಕೆ ಆಂಡನ್ ಹಗ್ಗ ಎನ್ನುತ್ತಾರೆ. ಕೆಲಸದಲ್ಲಿ ಏನಾದರೂ ಸರಿಯಿಲ್ಲ ಅನಿಸಿದರೆ ಯಾವ ಕೆಲಸಗಾರ ಬೇಕಾದರೂ ಅದನ್ನು ಎಳೆಯಬಹುದು. ದೀಪ ಹತ್ತುತ್ತದೆ, ಸಂಗೀತ ಬರುತ್ತದೆ, ತಂಡದ ಮುಂದಾಳು ಓಡಿ ಬರುತ್ತಾನೆ. ಬೈಯುವುದಕ್ಕಲ್ಲ, ಕೈಜೋಡಿಸುವುದಕ್ಕೆ. ಕಾರು ತನ್ನ ಠಾಣೆಯ ಗಡಿ ಮುಟ್ಟುವುದರೊಳಗೆ ತೊಂದರೆ ಬಗೆಹರಿಯದಿದ್ದರೆ ಲೈನ್ ನಿಂತೇ ಬಿಡುತ್ತದೆ. ಲೈನ್ ನಿಲ್ಲಿಸಿದರೆ ಕೆಲಸ ಹೋಗುತ್ತದೆ ಎಂದು ಇಪ್ಪತ್ತು ವರ್ಷ ನಂಬಿದ್ದ ಜನಕ್ಕೆ ಇದು ಹೇಗೆ ಕಂಡಿರಬಹುದು!

ಫ್ರೀಮಾಂಟಿಗೂ ಅದೇ ಹಗ್ಗ ಬಂತು. ಹಳೇ ಕಾರ್ಖಾನೆಯಲ್ಲಿ ಕೆಲಸಗಳನ್ನು ಎಂಬತ್ತಕ್ಕೂ ಜಾಸ್ತಿ ಬಗೆಯಾಗಿ ಸೀಳಿದ್ದರು. ಈ ಬಲ್ಬ್ ಹಾಕುವುದು ನನ್ನ ಕೆಲಸ, ಆ ತಂತಿ ನನ್ನದಲ್ಲ, ಎನ್ನುವ ಹಾಗೆ. ಈಗ ಉತ್ಪಾದನೆಗೆ ಒಂದೇ ಬಗೆ, ಯಂತ್ರ ನೋಡಿಕೊಳ್ಳುವ ನುರಿತವರಿಗೆ ಒಂದೆರಡು. ನಾಲ್ಕೈದು ಜನರ ತಂಡ, ತಂಡದೊಳಗೆ ಎಲ್ಲರೂ ಎಲ್ಲರ ಕೆಲಸ ಕಲಿಯಬೇಕು. ಮ್ಯಾನೇಜರಿಗೆ ಬೇರೆ ಊಟದ ಕೋಣೆ ಇಲ್ಲ, ಮೀಸಲು ಪಾರ್ಕಿಂಗ್ ಇಲ್ಲ, ಟೈ ಇಲ್ಲ. ಹೊರಗಿನಿಂದ ನೋಡುವವರು ಈ ಊಟದ ಕೋಣೆಯ ಮಾತನ್ನೇ ಜಾಸ್ತಿ ಬರೆದರು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಒಪ್ಪಂದದ ಒಂದು ಷರತ್ತು. ಕಂಪನಿಯೇ ಮುಳುಗುವ ಸ್ಥಿತಿ ಬರದೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಅದಕ್ಕೂ ಮೊದಲು ಮೇಲಿನವರ ಸಂಬಳ ಕಡಿಮೆ ಮಾಡುತ್ತೇವೆ, ಹೊರಗೆ ಕೊಟ್ಟ ಕೆಲಸ ಒಳಗೆ ತರುತ್ತೇವೆ ಎಂದು ಕಂಪನಿ ಬರೆದುಕೊಟ್ಟಿತ್ತು. ಬರೆದುಕೊಟ್ಟದ್ದು ಎಷ್ಟು ಗಟ್ಟಿ ಎಂದು ಬೇಗನೇ ಗೊತ್ತಾಯಿತು. 1988ರ ಹೊತ್ತಿಗೆ, ಅಲ್ಲಿ ಜಿಎಂಗಾಗಿ ತಯಾರಾಗುತ್ತಿದ್ದ ಷೆವರ್ಲೆ ನೋವಾ ಕಾರಿನ ಮಾರಾಟ ಬಿದ್ದುಹೋಗಿ ಅರೆಬರೆ ಕೆಲಸವಷ್ಟೇ ಉಳಿಯಿತು. ಒಬ್ಬರನ್ನೂ ತೆಗೆಯಲಿಲ್ಲ. ಹೆಚ್ಚುವರಿ ಜನರನ್ನು ತರಬೇತಿಗೆ ಕೂರಿಸಿದರು, ರಿಪೇರಿ ಕೆಲಸಕ್ಕೆ ಹಾಕಿದರು. ಹಗ್ಗ ಎಳೆಯಲು ಧೈರ್ಯ ಬರುವುದು ಇಂಥದ್ದರಿಂದ. ತಪ್ಪು ತೋರಿಸಿದರೆ ನಾಳೆಯೂ ಕೆಲಸ ಇರುತ್ತದೆ ಎಂಬ ನಂಬಿಕೆ ಇಲ್ಲದ ಕಡೆ ಹಗ್ಗ ಬರೀ ಹಗ್ಗ.

ಮೊದಲ ನೋವಾ 1984ರ ಡಿಸೆಂಬರಿನಲ್ಲಿ ಹೊರಬಂತು. ಗೈರುಹಾಜರಿ 20%ರಿಂದ 2-3%ಕ್ಕೆ ಇಳಿಯಿತು.

ಗುಣಮಟ್ಟದ ಲೆಕ್ಕ ಇಟ್ಟವರೂ ಇದ್ದಾರೆ. ನ್ಯೂಮಿಯಲ್ಲೇ ಗುಣಮಟ್ಟದ ಎಂಜಿನಿಯರ್ ಆಗಿದ್ದ ಜಾನ್ ಕ್ರಾಫ್ಸಿಕ್ ಆಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ ಹೋಗಿ 1986-87ರ ಹೊತ್ತಿಗೆ ಕಾರ್ಖಾನೆಗಳನ್ನು ಹೋಲಿಸಿ ನೋಡಿದರು. (ಮುಂದೆ ಇವರೇ ಗೂಗಲ್ ಬಳಗದ ಚಾಲಕರಹಿತ ಕಾರಿನ ಕಂಪನಿ ವೇಮೋದ ಮುಖ್ಯಸ್ಥರಾದರು.) ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿದ್ದ ಜಿಎಂ ಕಾರ್ಖಾನೆಯಲ್ಲಿ ಒಂದು ಕಾರು ಜೋಡಿಸಲು 31 ಗಂಟೆ ಹಿಡಿಯುತ್ತಿತ್ತು. ಟಕಾವೊಕಾದಲ್ಲಿ 16. ನ್ಯೂಮಿಯಲ್ಲಿ 19. ನೂರು ಕಾರಿಗೆ ಜೋಡಣೆಯ ದೋಷ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಸುಮಾರು 130. ಟಕಾವೊಕಾದಲ್ಲಿ 45. ನ್ಯೂಮಿಯಲ್ಲೂ 45.

ಈ ಕೊನೆಯ ಎರಡು ಅಂಕಿಗಳ ಮುಂದೆ ಸ್ವಲ್ಪ ನಿಲ್ಲಬೇಕು. ದೇಶದಲ್ಲೇ ಕೆಟ್ಟವರು ಎನಿಸಿಕೊಂಡಿದ್ದ ಕೆಲಸಗಾರರು ಎರಡು ಮೂರು ವರ್ಷದಲ್ಲಿ ಜಪಾನಿನ ಮೂಲ ಕಾರ್ಖಾನೆಯಷ್ಟೇ ಕಡಿಮೆ ದೋಷಕ್ಕೆ ಕಾರು ಜೋಡಿಸಿದರು. ಅಮೆರಿಕದವರಿಗೆ ಕಾರು ಮಾಡಲು ಬರುವುದಿಲ್ಲ ಎಂಬ ಮಾತು ಅಲ್ಲಿಗೆ ಸುಳ್ಳಾಯಿತು. ಹಾಗೆಂದು ಸುಣ್ಣ ಬಳಿದು ಚಂದ ಮಾಡುವುದೂ ಬೇಡ. ಹಳೇ ಜಿಎಂ ಲೈನಿನಲ್ಲಿ ಒಬ್ಬ ನಿಮಿಷಕ್ಕೆ 45 ಸೆಕೆಂಡ್ ಕೈ ಆಡಿಸಿದರೆ ನ್ಯೂಮಿಯಲ್ಲಿ 57 ಸೆಕೆಂಡ್. ಇದು ಒತ್ತಡ ಹಾಕಿ ದುಡಿಸುವ ಪದ್ಧತಿ ಎಂದು ಟೀಕಿಸಿದ ಕಾರ್ಮಿಕ ಮುಖಂಡರಿದ್ದರು. ಯೂನಿಯನ್ ಒಳಗೇ ವಿರೋಧಿ ಗುಂಪಿತ್ತು. ಅವರ ಮಾತಿನಲ್ಲೂ ಹುರುಳಿತ್ತು. ಮೈಕೈ ನೋವಿನ ಬೆಲೆ ಕಾರಿನ ದೋಷದ ಪಟ್ಟಿಯಲ್ಲಿ ಕಾಣುವುದಿಲ್ಲ.

ಬಿಲ್ಲೆಯ ಬೆಲೆ

ಈಗ ಕೊಳ್ಳುವವರ ಕಡೆ ಬರೋಣ. 1985ರಿಂದ 1988ರವರೆಗೆ ನೋವಾ. 1986ರಿಂದ ಅದರ ಜೊತೆಗೇ ಕೊರೊಲ್ಲಾ. ನೋವಾ ಹೋದ ಮೇಲೆ ಅದರ ಜಾಗಕ್ಕೆ ಜಿಯೋ ಪ್ರಿಸಂ. 1998ರಿಂದ ಅದೇ ಷೆವರ್ಲೆ ಪ್ರಿಸಂ. 2002ಕ್ಕೆ ಅದೂ ಮುಗಿಯಿತು. ಇಷ್ಟು ವರ್ಷ ಒಂದೇ ಕಾರ್ಖಾನೆಯ ಎರಡು ಜೋಡಿ ಕಾರು ಎದುರುಬದುರು ಶೋರೂಮಿನಲ್ಲಿದ್ದವು. ಪ್ರಿಸಂ ಮಾರಾಟದಲ್ಲಿ ಒಮ್ಮೆಯೂ ಕೊರೊಲ್ಲಾವನ್ನು ದಾಟಲಿಲ್ಲ. ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಂತೂ ಪ್ರಿಸಂ ಬೆಲೆ ಬೇಗ ಇಳಿಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತೇವಲ್ಲ, ಇಲ್ಲಿ ಒಂದೇ ಗಿಡಕ್ಕೆ ಎರಡು ಹೆಸರಿತ್ತು. ಹಿತ್ತಲಿನ ಹೆಸರಿಟ್ಟಾಗ ಮದ್ದಾಗಲಿಲ್ಲ.

ಕೊಳ್ಳುವವರು ಪೂರ್ತಿ ಪೆದ್ದರು ಎಂದು ಮಾತ್ರ ಹೇಳಲಾರೆ. ಕೊರೊಲ್ಲಾಕ್ಕೆ ಹೆಚ್ಚು ಕೊಟ್ಟವರಿಗೆ ಕಾರಣಗಳಿದ್ದವು. 1990ರ ದಶಕದ ಕೊನೆಯಲ್ಲಿ ಷೆವರ್ಲೆ ವಾರಂಟಿ 3 ವರ್ಷ ಅಥವಾ 36,000 ಮೈಲಿ. ಟೊಯೋಟಾ ಎಂಜಿನ್, ಗೇರ್‌ಬಾಕ್ಸಿಗೆ 5 ವರ್ಷ ಅಥವಾ 60,000 ಮೈಲಿ ಕೊಡುತ್ತಿತ್ತು. ಮುಂದೆ ಮಾರುವಾಗ ಒಳ್ಳೆ ಬೆಲೆ ಬರುತ್ತದೆ ಎಂಬುದೂ ನಿಜವೇ. ಎಲ್ಲರೂ ನಂಬಿದ್ದರಿಂದಲೇ ಅದು ನಿಜವಾಯಿತು ಅನ್ನಿ. ಜೊತೆಗೆ, ಜಿಎಂನ ಬೇರೆ ಸಣ್ಣ ಕಾರುಗಳಲ್ಲಿ ಕೈಸುಟ್ಟುಕೊಂಡವರು ಆ ಶೋರೂಮಿನೊಳಗೆ ಕಾಲಿಡಲೇ ಒಲ್ಲೆ ಎಂದರೆ ತಪ್ಪೇನು? ಕಂಪನಿಯೊಂದು ಇಪ್ಪತ್ತು ವರ್ಷ ಕೆಡಿಸಿಕೊಂಡ ಹೆಸರನ್ನು ಒಂದು ಒಳ್ಳೆ ಕಾರು ಸರಿ ಮಾಡುವುದಿಲ್ಲ.

ಮಿಶಿಗನ್ನಿನ ಫ್ಲಿಂಟ್‌ನಲ್ಲಿದ್ದ ಬ್ಯೂಕ್ ಸಿಟಿ ಕಾರ್ಖಾನೆಗೆ ಆದದ್ದನ್ನು ನೋಡಿ. ಪೂರಾ ಜಿಎಂನದೇ ಕಾರ್ಖಾನೆ. ದೋಷ ಕಡಿಮೆ ಮಾಡಿ ಮಾಡಿ 1999ರಲ್ಲಿ, ಕಾರುಗಳ ಗುಣಮಟ್ಟ ಅಳೆಯುವ ಜೆ.ಡಿ. ಪವರ್ ಸಂಸ್ಥೆಯ ಪ್ಲಾಟಿನಂ ಪ್ರಶಸ್ತಿ ಗಳಿಸಿತು. ಅದೇ ವರ್ಷ ಅದನ್ನು ಮುಚ್ಚಿದರು. ಗುಣಮಟ್ಟ ಬಂದಾಗ ಕೊಳ್ಳುವವರು ಇರಲಿಲ್ಲ.

ಹಾಗಾದರೆ ಎಲ್ಲಾ ಬಿಲ್ಲೆಯ ಮಹಿಮೆಯೇ? ಅದೂ ಅಲ್ಲ ಎನ್ನುವುದಕ್ಕೆ ಇದೇ ಎರಡು ಕಂಪನಿಗಳು ಉಲ್ಟಾ ಪ್ರಯೋಗವನ್ನೂ ಮಾಡಿಟ್ಟಿವೆ. 1990ರ ದಶಕದಲ್ಲಿ ಅಮೆರಿಕದ ಕಾರು ಕೊಳ್ಳಿ ಎಂದು ಜಪಾನಿನ ಮೇಲೆ ಒತ್ತಡ ಜಾಸ್ತಿಯಾಯಿತು. ಟೊಯೋಟಾ ಒಂದು ಉಪಾಯ ಮಾಡಿತು. ಒಹಾಯೋದ ಲಾರ್ಡ್ಸ್‌ಟೌನ್‌ನಲ್ಲಿ ಜಿಎಂ ಮಾಡುತ್ತಿದ್ದ ಷೆವರ್ಲೆ ಕ್ಯಾವಲಿಯರ್ ಕಾರಿಗೆ ಬಲಗಡೆ ಸ್ಟಿಯರಿಂಗ್ ಹಾಕಿಸಿ, ಟೊಯೋಟಾ ಕ್ಯಾವಲಿಯರ್ ಎಂದು ಹೆಸರಿಟ್ಟು ಜಪಾನಿನಲ್ಲಿ ಮಾರಿತು. ಟೊಯೋಟಾ ಹೆಸರಿದ್ದರೂ ಜಪಾನಿನವರು ತೆಗೆದುಕೊಳ್ಳಲಿಲ್ಲ. 2000ದ ಹೊತ್ತಿಗೆ ನಿಂತುಹೋಯಿತು. ಅಮೆರಿಕದಲ್ಲಿ ಒಳ್ಳೆ ಕಾರಿಗೆ ಷೆವರ್ಲೆ ಬಿಲ್ಲೆ ಅಂಟಿಸಿದರೆ ಜನ ಹಿಂಜರಿದರು. ಜಪಾನಿನಲ್ಲಿ ಷೆವರ್ಲೆಗೆ ಟೊಯೋಟಾ ಬಿಲ್ಲೆ ಅಂಟಿಸಿದರೆ ಅಲ್ಲೂ ಹಿಂಜರಿದರು.

ಹಾಗಾದರೆ ಅಮೆರಿಕದ್ದು ಯಾವುದು

ನೋವಾ ಮೂತಿಯ ಮೇಲೆ ಷೆವರ್ಲೆ ಗುರುತಿತ್ತು, ದೇಶಪ್ರೇಮಿಗಳಿಗೆ ಸಮಾಧಾನ. ಆದರೆ ಆರಂಭದ ನೋವಾಗಳ ಎಂಜಿನ್, ಗೇರ್‌ಬಾಕ್ಸ್ ಬರುತ್ತಿದ್ದದ್ದು ಜಪಾನಿನಿಂದ. 1998ರ ಕೊನೆಗೆ ಟೊಯೋಟಾ ವೆಸ್ಟ್ ವರ್ಜೀನಿಯಾದಲ್ಲಿ ಎಂಜಿನ್ ಕಾರ್ಖಾನೆ ತೆರೆದು ಕೊರೊಲ್ಲಾ ಎಂಜಿನ್ ಮಾಡತೊಡಗಿತು. ಅಂದರೆ ವಿದೇಶಿ ಹೆಸರಿನ ಕಾರು ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ಅಮೆರಿಕದ್ದಾಗುತ್ತಾ ಹೋಯಿತು.

ಇನ್ನೂ ತಮಾಷೆ ನಂತರದ ಜೋಡಿಯಲ್ಲಿದೆ. 2002ರಿಂದ ನ್ಯೂಮಿಯಲ್ಲಿ ಜಿಎಂನ ಪಾಂಟಿಯಾಕ್ ವೈಬ್ ಎಂಬ ಕಾರು ತಯಾರಾಯಿತು. ಅದರ ಅವಳಿ ಟೊಯೋಟಾ ಮ್ಯಾಟ್ರಿಕ್ಸ್ ಕೆನಡಾದ ಕೇಂಬ್ರಿಜ್‌ನಲ್ಲಿ ತಯಾರಾಗುತ್ತಿತ್ತು. 2010ರಲ್ಲಿ ಆಕ್ಸಿಲರೇಟರ್ ಪೆಡಲ್ ಸಿಕ್ಕಿಕೊಳ್ಳುತ್ತದೆ ಎಂದು ಟೊಯೋಟಾ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿತು. ಕೊರೊಲ್ಲಾ, ಮ್ಯಾಟ್ರಿಕ್ಸ್ ಜೊತೆ ವೈಬ್ ಕೂಡ ಆ ಪಟ್ಟಿಯಲ್ಲಿತ್ತು. ನಾವು ಅಮೆರಿಕದ ಪಾಂಟಿಯಾಕ್ ಕೊಂಡವರು, ನಮಗೇಕೆ ಟೊಯೋಟಾ ಕಾಯಿಲೆ ಎಂದು ಕೆಲವರು ಕೇಳಿರಬೇಕು. ಆ ಪೆಡಲ್ ಪೂರೈಸಿದ್ದು ಇಂಡಿಯಾನಾ ರಾಜ್ಯದ ಒಂದು ಅಮೆರಿಕನ್ ಕಂಪನಿ!

ಈ ಗೋಜಲು ಬಿಡಿಸಲು 1992ರಲ್ಲೇ ಒಂದು ಕಾನೂನು ಬಂದಿತ್ತು. 1994ರ ಅಕ್ಟೋಬರಿನಿಂದ ಪ್ರತಿ ಹೊಸ ಕಾರಿನ ಗಾಜಿನ ಮೇಲೆ ಚೀಟಿ ಅಂಟಿಸಬೇಕು. ಬಿಡಿಭಾಗಗಳ ಬೆಲೆಯಲ್ಲಿ ಎಷ್ಟು ಪಾಲು ಅಮೆರಿಕ ಮತ್ತು ಕೆನಡಾದ್ದು, ಜೋಡಣೆ ಎಲ್ಲಿ, ಎಂಜಿನ್ ಎಲ್ಲಿಯದು, ಗೇರ್‌ಬಾಕ್ಸ್ ಎಲ್ಲಿಯದು ಎಂದು ಬರೆಯಬೇಕು. ಹೇಳಿಕೊಳ್ಳಲು ಚೆನ್ನಾಗಿದೆ. ಆದರೆ ಕೆನಡಾವನ್ನು ಅಮೆರಿಕದ ಜೊತೆ ಸೇರಿಸಿ ಎಣಿಸುತ್ತಾರೆ. ಲೆಕ್ಕ ಒಂದೊಂದು ಕಾರಿಗಲ್ಲ, ಆ ಮಾಡೆಲ್ಲಿನ ಎಲ್ಲಾ ಕಾರುಗಳ ಸರಾಸರಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಶೇಕಡಾವಾರಿನಲ್ಲಿ ಕೊನೆಯ ಜೋಡಣೆಯ ಕೆಲಸವನ್ನು ಸೇರಿಸುವುದೇ ಇಲ್ಲ. ಬರೀ ಬಿಡಿಭಾಗ. ನ್ಯೂಮಿಯ ಇಡೀ ಕತೆ ನಡೆದದ್ದು ಎಲ್ಲಿ? ಆ ಜೋಡಣೆಯ ಲೈನಿನಲ್ಲಿ. ಆ ಹಗ್ಗ, ಆ ತಂಡ, ಆ ಮಾತು ಕೊಟ್ಟ ಕೆಲಸದ ಭದ್ರತೆ, ಯಾವುದೂ ಚೀಟಿಯ ಅಂಕಿಯೊಳಗೆ ಬರುವುದಿಲ್ಲ.

ನನ್ನನ್ನು ಕೇಳಿದರೆ ಚೀಟಿಯನ್ನೂ ನೋಡಿ, ಚಾಸಿ ನಂಬರಿನ ಮೊದಲ ಅಕ್ಷರವನ್ನೂ ನೋಡಿ. 1, 4, 5 ಆದರೆ ಅಮೆರಿಕ, 2 ಕೆನಡಾ, 3 ಮೆಕ್ಸಿಕೊ, ಜೆ ಆದರೆ ಜಪಾನ್. ಇದರಿಂದ ನಿಮ್ಮ ದುಡ್ಡು ಯಾವ ಊರಿನ ಕೆಲಸಗಾರರಿಗೆ ಹೋಗುತ್ತದೆ ಎಂದು ಸ್ವಲ್ಪ ತಿಳಿಯುತ್ತದೆ. ಅದು ತಿಳಿಯಬೇಕಾದದ್ದೇ. ಆದರೆ ಕಾರು ಚೆನ್ನಾಗಿದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಆ ಮಾಡೆಲ್, ಆ ವರ್ಷ, ಆ ಎಂಜಿನ್, ವಾಪಸ್ ಕರೆಸಿದ ದಾಖಲೆ, ಐದು ವರ್ಷ ಓಡಿಸಿದವರ ಅನುಭವ ನೋಡಬೇಕು. ರೂಮಿನ ಅಣ್ಣನೂ, ಸುತ್ತಿಗೆ ಹಿಡಿದವರೂ ಈ ಎರಡು ಪ್ರಶ್ನೆಯನ್ನು ಒಂದೇ ಮಾಡಿಕೊಂಡಿದ್ದರು.

ಕಲಿತವರು, ಕಲಿಯದವರು

ಟೊಯೋಟಾ ಬೇಗ ಕಲಿಯಿತು. 1988ರಲ್ಲೇ ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ ಸ್ವಂತ ಕಾರ್ಖಾನೆ ತೆರೆದು ಕ್ಯಾಮ್ರಿ ಮಾಡತೊಡಗಿತು. ಮುಂದೆ ಅತಿ ಹೆಚ್ಚು ಅಮೆರಿಕದ್ದಾದ ಕಾರು ಯಾವುದು ಎಂದು ಕಾರ್ಸ್ ಡಾಟ್ ಕಾಮ್ ಪ್ರಕಟಿಸುವ ಪಟ್ಟಿಯಲ್ಲಿ ಹಲವು ವರ್ಷ ಕ್ಯಾಮ್ರಿಯೇ ಮೊದಲು ಬಂತು.

ಜಿಎಂಗೆ ಕಲಿಯುವುದು ಕಷ್ಟವಾಯಿತು. ನ್ಯೂಮಿಯ ಮೂಲೆ ಮೂಲೆಯ ಫೋಟೋ ತೆಗೆದುಕೊಂಡು ಬನ್ನಿ, ನಮ್ಮ ಕಾರ್ಖಾನೆಯಲ್ಲೂ ಹಾಗೇ ಮಾಡೋಣ ಎಂದು ಒಬ್ಬ ಮ್ಯಾನೇಜರಿಗೆ ಹೇಳಿದ್ದರಂತೆ. ಫೋಟೋದಲ್ಲಿ ಹಗ್ಗ ಬರುತ್ತದೆ. ಎಳೆದಾಗ ಓಡಿಬರುವ ಮನಸ್ಸು ಬರುವುದಿಲ್ಲ. ಲಾಸ್ ಏಂಜಲಿಸ್‌ನ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ಇದೇ ಪದ್ಧತಿ ತರಲು ಹೋದಾಗ ಕೆಲಸಗಾರರೂ ನಂಬಲಿಲ್ಲ, ಮೇಲ್ವಿಚಾರಕರೂ ಬಿಟ್ಟುಕೊಡಲಿಲ್ಲ. 1992ರಲ್ಲಿ ಅದು ಮುಚ್ಚಿತು. ನ್ಯೂಮಿಯಲ್ಲಿ ಪಳಗಿದವರು ನಿಧಾನಕ್ಕೆ ಜಿಎಂನ ಬೇರೆ ಕಡೆ ಹರಡಿ ಗುಣಮಟ್ಟ ಸುಧಾರಿಸಿದ್ದು ನಿಜ. ಅಷ್ಟರಲ್ಲಿ ತಡವಾಗಿತ್ತು. 2009ರ ಜೂನ್ 1ರಂದು ಜಿಎಂ ದಿವಾಳಿ ಅರ್ಜಿ ಹಾಕಿತು, ಅದೇ ತಿಂಗಳು ನ್ಯೂಮಿಯಿಂದ ಕೈ ತೊಳೆದುಕೊಂಡಿತು.

ಟೊಯೋಟಾ ಒಂಟಿಯಾಗಿ ನಡೆಸಬಹುದಿತ್ತು. ನಡೆಸಲಿಲ್ಲ. ಅಮೆರಿಕದಲ್ಲಿ ಟೊಯೋಟಾ ಕಾರು ಜೋಡಿಸುತ್ತಿದ್ದ ಕಾರ್ಖಾನೆಗಳಲ್ಲಿ ಯೂನಿಯನ್ ಇದ್ದದ್ದು ಇದೊಂದರಲ್ಲೇ ಎಂಬುದನ್ನು ಇಲ್ಲಿನವರು ಮರೆತಿಲ್ಲ. ಸುಮಾರು 80 ಲಕ್ಷ ವಾಹನ ಮಾಡಿದ ಮೇಲೆ, 2010ರ ಏಪ್ರಿಲ್ 1ರಂದು ಕೊನೆಯ ಕೊರೊಲ್ಲಾ ಹೊರಬಂತು. ಸುಮಾರು 4,700 ಮಂದಿ ಕೆಲಸ ಕಳೆದುಕೊಂಡರು. ಅವರ ಕಾರಿನಲ್ಲಿ ದೋಷವಿತ್ತು ಎಂದಲ್ಲ. ಮುಂದಿನ ತಿಂಗಳೇ ಟೆಸ್ಲಾ 4.2 ಕೋಟಿ ಡಾಲರಿಗೆ ಕಟ್ಟಡ ಕೊಳ್ಳುವುದಾಗಿ ಘೋಷಿಸಿತು. 2021ರಲ್ಲಿ ಆ ಅಮೆರಿಕದ ಕಾರುಗಳ ಪಟ್ಟಿಯ ಮೊದಲ ಸ್ಥಾನ ಇದೇ ಕಟ್ಟಡದಲ್ಲಿ ತಯಾರಾಗುವ ಮಾಡೆಲ್ 3ಕ್ಕೆ ಸಿಕ್ಕಿತು.

ಬಿಡದಿಯ ಮಾತು ಬಾರದೆ ಈ ಕತೆ ಹೇಳಿದರೆ ಊರಿನವರು ಒಪ್ಪುವುದಿಲ್ಲ. 2022ರಲ್ಲಿ ಟೊಯೋಟಾ ಹೈರೈಡರ್ ಮತ್ತು ಮಾರುತಿ ಗ್ರಾಂಡ್ ವಿಟಾರಾ ಎರಡೂ ಟೊಯೋಟಾ ಕಿರ್ಲೋಸ್ಕರ್‌ನ ಬಿಡದಿ ಕಾರ್ಖಾನೆಯಿಂದ ಹೊರಬರತೊಡಗಿದಾಗ ನನ್ನ ಭಾವ ಮೈಸೂರಿನಿಂದ ಫೋನ್ ಮಾಡಿದರು. "ಯಾವುದು ತಗೊಳ್ಳಲಿ?" ನಾನು ನ್ಯೂಮಿ ಪುರಾಣ ಬಿಚ್ಚಿದೆ. ಭಾವ ಅರ್ಧದಲ್ಲೇ ತಡೆದರು. ಆಗ ಟೊಯೋಟಾ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಮಾರುತಿಯದು 2 ವರ್ಷ ಅಥವಾ 40,000 ಕಿ.ಮೀ. "ಅದೆಲ್ಲಾ ಇರಲಿ, ನಮ್ಮ ಮನೆಯಿಂದ ಮಾರುತಿ ಸರ್ವಿಸ್ ಎರಡು ಕಿಲೋಮೀಟರ್, ಟೊಯೋಟಾ ಹತ್ತು" ಎಂದು ಮಾರುತಿ ತಗೊಂಡರು.

ಅಂದಹಾಗೆ, 1999ರಲ್ಲಿ ನಾನು ಕೊಂಡದ್ದು ಪ್ರಿಸಂ. ಎಂಟು ವರ್ಷ ಓಡಿಸಿ ಮಾರಲು ನಿಂತೆ. ನೋಡಲು ಬಂದವನು ಬಾನೆಟ್ ಎತ್ತಿದ. ನಾನು ಬಾಯಿ ತೆರೆಯುವ ಮೊದಲೇ ಟೊಯೋಟಾ ಅಚ್ಚಿನ ಮೇಲೆ ಬೆರಳಿಟ್ಟು, "ಇದು ಕೊರೊಲ್ಲಾ ತಾನೆ?" ಎಂದ. ಹೌದು ಎಂದೆ. ನಗುತ್ತಾ ತಲೆಯಾಡಿಸಿ, ಪ್ರಿಸಂನ ಬೆಲೆಯನ್ನೇ ಎಣಿಸಿ ಕೊಟ್ಟ.